ವಿನ್ಯಾಸವೂ ಒಂದು ಬಂಡವಾಳ: ಸೋರಿ ಯಾನಗಿಯ ಬದುಕು ಮತ್ತು ಗುತ್ತಲದ ಬಡಗಿಶಾಲೆ

ಹಾವೇರಿಯ ಏಲಕ್ಕಿ ಹಾರವನ್ನು ಅರಿಯದ ವರ್ತಕರು ಈ ಭಾಗದಲ್ಲಿ ಇಲ್ಲ. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಹಾವೇರಿಯಲ್ಲಿ ಅದರ ಒಂದು ಗಿಡವೂ ಇಲ್ಲ. ಆದರೂ ಸಭೆ ಸಮಾರಂಭಗಳಲ್ಲಿ ಗಣ್ಯರ ಕೊರಳಿಗೆ ಬೀಳುವ ಏಲಕ್ಕಿ ಹಾರವೆಂದರೆ ಹಾವೇರಿಯದೇ. ಹಾರದಲ್ಲಿರುವ ಏಲಕ್ಕಿಯನ್ನು ಬಿಡಿಸಿ ತಕ್ಕಡಿಯಲ್ಲಿಟ್ಟು ತೂಗಿದರೆ ದೊರೆಯುವ ಬೆಲೆಗೂ, ಹಾರಕ್ಕೆ ಗಿರಾಕಿ ಕೊಡುವ ಬೆಲೆಗೂ ಇರುವ ಅಂತರವೇ ಅದನ್ನು ಕಟ್ಟಿದ ಕೈಯ ಸಂಪಾದನೆ. ಬ್ಯಾಡಗಿ ಮೆಣಸಿನಕಾಯಿಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಖಾರದಲ್ಲಿ ಅದನ್ನು ಮೀರಿಸುವ ತಳಿಗಳು ಅನೇಕ ಉಂಟು. ಬ್ಯಾಡಗಿಗೆ ದರ ತಂದುಕೊಟ್ಟಿರುವುದು ಅದರ ಬಣ್ಣ. 2011ರಲ್ಲಿ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯು ಆ ಹೆಸರಿಗೆ ಕಾನೂನಿನ ರಕ್ಷಣೆಯನ್ನೂ ಒದಗಿಸಿತು. ತೂಕದಲ್ಲಿ ಕಾಣದ ಗುಣವೊಂದು ಬೆಲೆಯಲ್ಲಿ ಕಾಣುತ್ತದೆ ಎಂಬ ಪಾಠವನ್ನು ಹಾವೇರಿ ಜಿಲ್ಲೆಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ.

ಹೀಗಿದ್ದರೂ ಜಿಲ್ಲೆಯ ಒಂದು ಕಸುಬು ಈ ಪಾಠದಿಂದ ದೂರವೇ ಉಳಿದಿದೆ. ಅದು ಮರಗೆಲಸ.

ಕೂರಿಗೆಯಿಂದ ಕಾಟಿನವರೆಗೆ

ಗುತ್ತಲವು ಪ್ರಾಚೀನ ಸ್ಥಳ. ಗುತ್ತವೊಳಲೆಂಬ ಹೆಸರಿನಿಂದ ಗುತ್ತ ಅರಸರ ರಾಜಧಾನಿಯಾಗಿದ್ದ ಊರು. ಆ ಮನೆತನದ ಕಾಲದಲ್ಲಿ ಏಳಿಗೆ ಕಂಡ ಚೌಡದಾನಪುರದ ಮುಕ್ತೇಶ್ವರ ದೇವಾಲಯದ ಕಲ್ಲಿನ ಕುಸುರಿಯನ್ನು ನೋಡಿದವರಿಗೆ, ಈ ನೆಲದ ಕುಶಲಕರ್ಮಿಗಳ ಕೈ ಎಂತಹುದೆಂಬುದು ತಾನಾಗಿಯೇ ವೇದ್ಯವಾಗುತ್ತದೆ. ತೀರ ಈಚಿನವರೆಗೂ ಈ ಭಾಗದ ಹಳ್ಳಿಯ ಬಡಗಿಯು ಕೂರಿಗೆ, ಕುಂಟೆ, ರಂಟೆ, ಚಕ್ಕಡಿಗಳನ್ನು ಮಾಡಿಕೊಟ್ಟು ಸುಗ್ಗಿಯಲ್ಲಿ ರೈತರಿಂದ ಆಯ ಪಡೆಯುತ್ತಿದ್ದನು. ಕೂರಿಗೆಯ ತಾಳುಗಳ ನಡುವಿನ ಅಂತರ ಬೆಳೆಗೆ ತಕ್ಕಂತೆ ಬದಲಾಗಬೇಕು. ಬಟ್ಟಲಿನಿಂದ ಬೀಜ ಸಮನಾಗಿ ಇಳಿಯಬೇಕು. ಎತ್ತಿನ ಹೆಗಲಿಗೆ ಭಾರವಾಗಬಾರದು. ಇಷ್ಟನ್ನೂ ಲೆಕ್ಕ ಹಾಕಿ ಮರದಲ್ಲಿ ಮೂಡಿಸುತ್ತಿದ್ದ ಆ ವ್ಯಕ್ತಿಯನ್ನು ಇಂದಿನ ಭಾಷೆಯಲ್ಲಿ ವಿನ್ಯಾಸಕಾರನೆಂದೇ ಕರೆಯಬೇಕು.

ಟ್ರ್ಯಾಕ್ಟರ್ ಮತ್ತು ಕಬ್ಬಿಣದ ಸಲಕರಣೆಗಳು ಬಂದ ಬಳಿಕ ಆ ಬೇಡಿಕೆ ಕರಗಿತು. ಬಡಗಿಯು ಬಾಗಿಲು, ಕಿಟಕಿ, ಮಂಚ, ಕುರ್ಚಿಗಳತ್ತ ತಿರುಗಿದನು. ಇದೀಗ ಅಲ್ಲಿಯೂ ಎರಡನೆಯ ಪೆಟ್ಟು ಬಿದ್ದಿದೆ. ಪ್ಲಾಸ್ಟಿಕ್ ಕುರ್ಚಿ, ಉಕ್ಕಿನ ಕಪಾಟು, ಒತ್ತಿದ ಮರದ ಹಲಗೆಯ ಸಿದ್ಧ ಪೀಠೋಪಕರಣಗಳು ಹುಬ್ಬಳ್ಳಿ, ದಾವಣಗೆರೆಗಳ ಮಳಿಗೆಗಳಿಂದಲೂ ದೂರವಾಣಿಯ ಪರದೆಯಿಂದಲೂ ನೇರವಾಗಿ ಮನೆ ಸೇರುತ್ತಿವೆ. ಸ್ಥಳೀಯ ಬಡಗಿಶಾಲೆಗೆ ಬರುವ ಗಿರಾಕಿಯು ಕೈಯಲ್ಲಿ ಯಾವುದೋ ಕಂಪನಿಯ ಚಿತ್ರ ಹಿಡಿದು, 'ಇದೇ ಥರ ಮಾಡಿಕೊಡಿ, ಆದರೆ ಇದಕ್ಕಿಂತ ಕಡಿಮೆಗೆ' ಎನ್ನುತ್ತಾನೆ. ಬೇರೊಬ್ಬರು ಯಂತ್ರಕ್ಕೆಂದು ರೂಪಿಸಿದ ವಸ್ತುವನ್ನು ಕೈಯಿಂದ ಮಾಡಿ, ಯಂತ್ರದ ಬೆಲೆಗಿಂತ ಕಡಿಮೆಗೆ ಮಾರುವುದು ಯಾವ ಲೆಕ್ಕಶಾಸ್ತ್ರದಲ್ಲಿಯೂ ಸಾಧ್ಯವಿಲ್ಲ. ಪರಿಣಾಮವಾಗಿ ಕಡಿತವಾಗುವುದು ಕೂಲಿ. ಕೂಲಿ ಕಡಿತವಾದ ಮನೆಯ ಮಗ ಉಳಿ ಹಿಡಿಯುವುದಿಲ್ಲ. ಒಂದು ತಲೆಮಾರು ಕಳೆದರೆ ಕಸುಬೇ ಇರುವುದಿಲ್ಲ.

ಇಂತಹ ಸ್ಥಿತಿಯು ಹಿಂದೆ ಬೇರೆ ದೇಶಗಳಿಗೂ ಬಂದೊದಗಿತ್ತು. ಯುದ್ಧದಲ್ಲಿ ಸೋತು ಬೂದಿಯಾಗಿದ್ದ ಜಪಾನಿನ ಸಣ್ಣ ಊರುಗಳ ಕುಶಲಕರ್ಮಿಗಳು ಅದನ್ನು ಎದುರಿಸಿದ ಬಗೆಯು ಗಮನಾರ್ಹವಾದುದು. ಆ ಕಥೆಯ ಕೇಂದ್ರದಲ್ಲಿ ಸೋರಿ ಯಾನಗಿ ಎಂಬ ವಿನ್ಯಾಸಕಾರನಿದ್ದಾನೆ.

ತಂದೆಯ ದಾರಿ, ಮಗನ ದಾರಿ

ಸೋರಿ ಯಾನಗಿ ಜನಿಸಿದ್ದು 1915ರಲ್ಲಿ, ಟೋಕಿಯೋ ನಗರದಲ್ಲಿ. ತಂದೆ ಸೋಯೆತ್ಸು ಯಾನಗಿ ಜಪಾನಿನಲ್ಲಿ 'ಮಿಂಗೇ' ಎಂಬ ಜನಕಲಾ ಆಂದೋಲನವನ್ನು ಹುಟ್ಟುಹಾಕಿದ ಚಿಂತಕ. ಹೆಸರಿಲ್ಲದ ಕುಂಬಾರ, ನೇಕಾರ, ಬಡಗಿಗಳು ದಿನಬಳಕೆಗಾಗಿ ಮಾಡಿದ ವಸ್ತುಗಳಲ್ಲಿಯೇ ನಿಜವಾದ ಸೌಂದರ್ಯವಿದೆ ಎಂಬುದು ಆತನ ಪ್ರತಿಪಾದನೆ. 1936ರಲ್ಲಿ ಟೋಕಿಯೋದಲ್ಲಿ ಜಪಾನ್ ಜನಕಲಾ ವಸ್ತುಸಂಗ್ರಹಾಲಯವನ್ನು ಆತನು ಸ್ಥಾಪಿಸಿದನು.

ಮಗನಿಗೆ ಮೊದಮೊದಲು ತಂದೆಯ ವಿಚಾರಗಳು ಹಿಡಿಸಲಿಲ್ಲ. ಟೋಕಿಯೋದ ಲಲಿತಕಲಾ ವಿದ್ಯಾಲಯದಲ್ಲಿ ಪಾಶ್ಚಾತ್ಯ ಚಿತ್ರಕಲೆಯನ್ನು ಅಭ್ಯಾಸ ಮಾಡಿದ ಆತನನ್ನು ಯುರೋಪಿನ ಆಧುನಿಕ ವಾಸ್ತುಶಿಲ್ಪ ಸೆಳೆದಿತ್ತು. ಆತನ ದಿಕ್ಕನ್ನು ಬದಲಿಸಿದ್ದು 1940ರ ಒಂದು ಸರ್ಕಾರಿ ನಿರ್ಧಾರ. ಕರಕುಶಲ ವಸ್ತುಗಳ ರಫ್ತನ್ನು ಸುಧಾರಿಸುವ ಸಲುವಾಗಿ ಜಪಾನಿನ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯವು ಫ್ರಾನ್ಸಿನ ವಿನ್ಯಾಸಕಾರ್ತಿ ಷಾರ್ಲೊಟ್ ಪೆರಿಯಾಂ ಅವರನ್ನು ಸಲಹೆಗಾರರಾಗಿ ಆಹ್ವಾನಿಸಿತು. ವಿನ್ಯಾಸಕಾರರನ್ನು ಕರೆಸಿದ್ದು ಸಂಸ್ಕೃತಿ ಇಲಾಖೆಯಲ್ಲ, ವಾಣಿಜ್ಯ ಇಲಾಖೆ ಎಂಬುದನ್ನು ವರ್ತಕ ಓದುಗರು ವಿಶೇಷವಾಗಿ ಗಮನಿಸಬೇಕು.

ತರುಣ ಯಾನಗಿ ಆಕೆಗೆ ಸಹಾಯಕನಾಗಿ ನೇಮಕಗೊಂಡು ದೇಶದ ಅನೇಕ ಕುಶಲಕರ್ಮಿಗಳ ಊರುಗಳನ್ನು ಸುತ್ತಿದನು. ಪ್ಯಾರಿಸ್‌ನಲ್ಲಿ ಉಕ್ಕಿನ ಕೊಳವೆಯಿಂದ ತಾನು ರೂಪಿಸಿದ್ದ ಒರಗುಕುರ್ಚಿಯನ್ನು ಪೆರಿಯಾಂ ಜಪಾನಿನಲ್ಲಿ ಬಿದಿರಿನಿಂದ ಮಾಡಿಸಿದರು. ಸ್ಥಳೀಯ ವಸ್ತು, ಸ್ಥಳೀಯ ಕೈ, ಹೊಸ ಬಳಕೆ ಎಂಬ ಸೂತ್ರವನ್ನು ಯಾನಗಿ ಕಂಡುಕೊಂಡದ್ದು ಈ ತಿರುಗಾಟದಲ್ಲಿ. ಆನಂತರ ಆತನನ್ನು ಸೈನ್ಯಕ್ಕೆ ಕರೆದೊಯ್ದು ಫಿಲಿಪೈನ್ಸ್‌ಗೆ ಕಳುಹಿಸಲಾಯಿತು. ಯುದ್ಧ ಮುಗಿದು ತಾಯ್ನಾಡಿಗೆ ಮರಳಿದಾಗ ಆತನ ಮುಂದಿದ್ದದ್ದು ಕೊಳ್ಳುವ ಶಕ್ತಿಯಿಲ್ಲದ ಜನರು ಮತ್ತು ಕೆಲಸವಿಲ್ಲದ ಕಾರ್ಖಾನೆಗಳು.

1952ರಲ್ಲಿ ನಡೆದ ಜಪಾನಿನ ಮೊದಲ ಕೈಗಾರಿಕಾ ವಿನ್ಯಾಸ ಸ್ಪರ್ಧೆಯಲ್ಲಿ ಯಾನಗಿಯ ರೆಕಾರ್ಡ್ ಪ್ಲೇಯರ್ ಪ್ರಥಮ ಬಹುಮಾನ ಪಡೆಯಿತು. ಅಲ್ಲಿಂದ ಮುಂದೆ ಆತನು ತನ್ನದೇ ಚಿಕ್ಕ ಕಾರ್ಯಾಲಯವನ್ನು ನಡೆಸುತ್ತ, ಸುಮಾರು ಆರು ದಶಕಗಳ ಕಾಲ ಕೆಟಲು, ಬೋಗುಣಿ, ಚಮಚ, ಕುರ್ಚಿ, ಪಾದಚಾರಿ ಸೇತುವೆ, ಹೆದ್ದಾರಿಯ ಶಬ್ದ ತಡೆಗೋಡೆಗಳವರೆಗೆ ನಾನಾ ವಸ್ತುಗಳನ್ನು ರೂಪಿಸಿದನು. 1964ರ ಟೋಕಿಯೋ ಒಲಿಂಪಿಕ್ಸ್ ಮತ್ತು 1972ರ ಸಪ್ಪೊರೊ ಚಳಿಗಾಲದ ಒಲಿಂಪಿಕ್ಸ್‌ಗಳ ಜ್ಯೋತಿಯನ್ನು ಹೊತ್ತ ಪಂಜು ಕೂಡ ಆತನ ವಿನ್ಯಾಸವೇ. ವಿಶೇಷವೆಂದರೆ, ಯೌವನದಲ್ಲಿ ತಂದೆಯ ದಾರಿಯಿಂದ ದೂರ ಸರಿದಿದ್ದ ಮಗ 1977ರಲ್ಲಿ ತಂದೆ ಸ್ಥಾಪಿಸಿದ ಅದೇ ಜನಕಲಾ ವಸ್ತುಸಂಗ್ರಹಾಲಯದ ನಿರ್ದೇಶಕನಾದನು. 2011ರ ಡಿಸೆಂಬರ್ 25ರಂದು, 96ನೆಯ ವಯಸ್ಸಿನಲ್ಲಿ ಆತನು ನಿಧನ ಹೊಂದಿದನು.

ಒಂದು ಅಚ್ಚು, ಎರಡು ರೆಕ್ಕೆ

ಯಾನಗಿಯ ಹೆಸರನ್ನು ಜಗತ್ತಿಗೆ ಪರಿಚಯಿಸಿದ ವಸ್ತು 'ಚಿಟ್ಟೆ ಸ್ಟೂಲು'. 1954ರಲ್ಲಿ ರೂಪಿತವಾಗಿ 1956ರಲ್ಲಿ ತಯಾರಿಕೆಗೆ ಬಂದ ಈ ಚಿಕ್ಕ ಆಸನವು 1957ರಲ್ಲಿ ಇಟಲಿಯ ಮಿಲಾನ್ ತ್ರೈವಾರ್ಷಿಕ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿಯೂ ಅದಕ್ಕೆ ಸ್ಥಾನ ದೊರೆತಿದೆ.

ಕಲಾವಿಮರ್ಶಕರು ಅದರ ಸೌಂದರ್ಯವನ್ನು ಕೊಂಡಾಡುತ್ತಾರೆ. ತಯಾರಕನು ನೋಡಬೇಕಾದದ್ದು ಅದರ ವೆಚ್ಚದ ರಚನೆಯನ್ನು. ಈ ಸ್ಟೂಲಿನಲ್ಲಿ ಇರುವುದು ಬಾಗಿಸಿದ ಪ್ಲೈವುಡ್ಡಿನ ಎರಡು ತುಂಡುಗಳು ಮಾತ್ರ. ಅವೆರಡೂ ಒಂದೇ ಆಕಾರದವು. ಒಂದನ್ನು ತಿರುಗಿಸಿ ಇನ್ನೊಂದಕ್ಕೆ ಎದುರಾಗಿ ನಿಲ್ಲಿಸಿ, ಆಸನದ ಕೆಳಗೆ ತಿರುಪುಗಳಿಂದಲೂ ಕಾಲುಗಳ ನಡುವೆ ಒಂದು ಹಿತ್ತಾಳೆಯ ಸರಳಿನಿಂದಲೂ ಜೋಡಿಸಲಾಗುತ್ತದೆ. ಅಂದರೆ ಇಡೀ ಸ್ಟೂಲಿಗೆ ಬೇಕಾದದ್ದು ಒಂದೇ ಅಚ್ಚು. ನಾಲ್ಕು ಕಾಲು, ನಾಲ್ಕು ಪಟ್ಟಿ, ಒಂದು ಹಲಗೆ, ಹತ್ತಾರು ಕೀಲುಗಳಿರುವ ಸಾಮಾನ್ಯ ಸ್ಟೂಲಿಗೆ ಹೋಲಿಸಿದರೆ ಕೆಲಸದ ಹಂತಗಳು ಎಷ್ಟು ಕಡಿಮೆಯಾಗುತ್ತವೆ ಎಂಬುದನ್ನು ಯಾವ ಬಡಗಿಯೂ ಊಹಿಸಬಲ್ಲನು. ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಬಹುದಾದ್ದರಿಂದ ಸಾಗಾಟದ ಜಾಗವೂ ಉಳಿಯುತ್ತದೆ. ವಿನ್ಯಾಸವೆಂದರೆ ಮಾಲಿಗೆ ಕೊನೆಯಲ್ಲಿ ಬಳಿಯುವ ಮೆರುಗು ಎಂಬ ತಪ್ಪು ತಿಳಿವಳಿಕೆಯನ್ನು ಈ ಒಂದು ಸ್ಟೂಲು ಹೋಗಲಾಡಿಸುತ್ತದೆ.

ತೆಂಡೊ ಊರಿನ ಬಡಗಿಗಳ ಸಂಘ

ಈ ಸ್ಟೂಲನ್ನು ತಯಾರಿಸಿದವರು ಯಾರು ಎಂಬ ಪ್ರಶ್ನೆಯು ಈ ಲೇಖನದ ಉದ್ದೇಶಕ್ಕೆ ಹೆಚ್ಚು ಮುಖ್ಯವಾದುದು. ಉತ್ತರ ಜಪಾನಿನ ಯಮಗಾತ ಪ್ರಾಂತದಲ್ಲಿ ತೆಂಡೊ ಎಂಬ ಸಾಧಾರಣ ಊರಿದೆ. 'ಶೋಗಿ' ಎಂಬ ಜಪಾನೀ ಚದುರಂಗದ ಮರದ ಕಾಯಿಗಳನ್ನು ಕೆತ್ತುವುದಕ್ಕೆ ಅದು ಪ್ರಸಿದ್ಧ. ಅಲ್ಲಿಯ ಸುತ್ತಮುತ್ತಲ ಬಡಗಿಗಳೂ ಪೀಠೋಪಕರಣ ಕೆಲಸಗಾರರೂ 1940ರಲ್ಲಿ ಕೂಡಿ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡರು. ಯುದ್ಧಕಾಲದಲ್ಲಿ ಅವರಿಗೆ ದೊರೆತ ಕೆಲಸವೆಂದರೆ ಮದ್ದುಗುಂಡುಗಳ ಪೆಟ್ಟಿಗೆ ಮತ್ತು ಶತ್ರುವನ್ನು ಮೋಸಗೊಳಿಸಲು ನಿಲ್ಲಿಸುತ್ತಿದ್ದ ಮರದ ಹುಸಿ ವಿಮಾನ. ಯುದ್ಧ ಮುಗಿದೊಡನೆ ಆ ಬೇಡಿಕೆ ಒಂದೇ ದಿನದಲ್ಲಿ ನಿಂತುಹೋಯಿತು.

ಸಂಘವು ಆಗ ಎರಡು ದಾರಿಗಳ ಮುಂದೆ ನಿಂತಿತ್ತು: ಮುಚ್ಚಿಕೊಂಡು ಹೋಗುವುದು ಇಲ್ಲವೆ ಹೊಸದನ್ನು ಕಲಿಯುವುದು. ಊಟದ ತಗ್ಗುಮೇಜು, ತಟ್ಟೆಗಳನ್ನು ಮಾಡುತ್ತಲೇ ಅದು 1947ರ ಸುಮಾರಿಗೆ ಪ್ಲೈವುಡ್ಡನ್ನು ಅಚ್ಚಿನಲ್ಲಿ ಬಾಗಿಸುವ ಹೊಸ ಯಂತ್ರವನ್ನು ಕೊಂಡಿತು. ಮರದ ತೆಳು ಹಾಳೆಗಳಿಗೆ ಅಂಟು ಹಚ್ಚಿ, ಒಂದರ ಮೇಲೊಂದನ್ನಿಟ್ಟು ಅಚ್ಚಿನಲ್ಲಿ ಒತ್ತಿ, ವಿದ್ಯುತ್ತಿನ ಅಧಿಕ ಆವರ್ತನದ ಶಾಖದಿಂದ ಗಟ್ಟಿಗೊಳಿಸುವ ವಿಧಾನವಿದು. ಈ ತಾಂತ್ರಿಕ ಜ್ಞಾನ ದೊರೆತದ್ದು ಸೆಂದೈ ನಗರದಲ್ಲಿ 1928ರಲ್ಲಿ ಸರ್ಕಾರ ಸ್ಥಾಪಿಸಿದ್ದ ಕೈಗಾರಿಕಾ ಕಲಾ ಸಂಶೋಧನಾ ಸಂಸ್ಥೆಯ ಮೂಲಕ. ಆ ಸಂಸ್ಥೆಯ ತಂತ್ರಜ್ಞ ಸಬುರೊ ಇನುಯಿ ಅವರ ನೆರವಿನಿಂದಲೇ ಯಾನಗಿಯ ಚಿಟ್ಟೆ ಸ್ಟೂಲು ಕಾಗದದಿಂದ ಮರಕ್ಕೆ ಇಳಿಯಿತು. ಬಾಗಿಸಿದಾಗ ಹಾಳೆಗಳು ಸೀಳದಂತೆ ಮಾಡಲು ಅನೇಕ ಪ್ರಯೋಗಗಳು ಬೇಕಾದವು.

ಇಲ್ಲಿ ಮೂರು ಪಾತ್ರಗಳಿವೆ. ವಿನ್ಯಾಸಕಾರನು ರೂಪವನ್ನು ಕೊಟ್ಟನು. ಸರ್ಕಾರಿ ಸಂಶೋಧನಾ ಸಂಸ್ಥೆಯು ತಂತ್ರವನ್ನು ಒದಗಿಸಿತು. ಬಡಗಿಗಳ ಸಂಘವು ನಷ್ಟದ ಭಯವನ್ನು ಹಂಚಿಕೊಂಡಿತು. ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಸ್ಟೂಲು ಹುಟ್ಟುತ್ತಿರಲಿಲ್ಲ. ಯಾನಗಿಯ ಪ್ರತಿಭೆಯನ್ನು ಮಾತ್ರ ಹೊಗಳಿ ತೆಂಡೊದ ಬಡಗಿಗಳನ್ನು ಮರೆಯುವುದು ಖಾತೆಯ ಒಂದೇ ಬದಿಯನ್ನು ಓದಿದಂತೆ.

ಇದೇ ಮಾತು ನೀಗಾತ ಪ್ರಾಂತದ ತ್ಸುಬಾಮೆ ಊರಿಗೂ ಅನ್ವಯಿಸುತ್ತದೆ. ಹಿಂದೆ ಮೊಳೆ ಬಡಿಯುವುದು ಅಲ್ಲಿಯ ಕಸುಬಾಗಿತ್ತು. ಯಂತ್ರದ ಮೊಳೆ ಬಂದು ಅದು ನಶಿಸಿದಾಗ ಆ ಊರು ಚಮಚ, ಮುಳ್ಳುಚಮಚಗಳಿಗೆ ತಿರುಗಿತು. ಯಾನಗಿ ರೂಪಿಸಿದ ಸ್ಟೇನ್‌ಲೆಸ್ ಉಕ್ಕಿನ ಚಮಚಗಳು ಅಲ್ಲಿಯ ಕುಶಲಕರ್ಮಿಗಳ ಕೈಯಲ್ಲಿಯೇ ತಯಾರಾದವು. ನಕ್ಷೆಗಿಂತ ಮೊದಲು ಪ್ಲಾಸ್ಟರಿನ ಮಾದರಿಯನ್ನು ಕೈಯಿಂದ ಮಾಡಿ, ಹಿಡಿದು ನೋಡಿ, ತಿದ್ದಿ, ಮತ್ತೆ ಹಿಡಿದು ನೋಡುವುದು ಆತನ ಕ್ರಮವಾಗಿತ್ತು. 1953ರಲ್ಲಿ ಟೋಕಿಯೋ ಗ್ಯಾಸ್ ಸಂಸ್ಥೆಗಾಗಿ ಬೇಗ ಕುದಿಯುವ ಕೆಟಲನ್ನು ರೂಪಿಸಿದ ಆತನು, ನಾಲ್ಕು ದಶಕಗಳ ಅನಂತರ 1994ರಲ್ಲಿ ಮತ್ತೊಂದು ಕೆಟಲನ್ನು ರೂಪಿಸಿದನು. ಒಂದು ವಸ್ತುವಿನತ್ತ ನಲವತ್ತು ವರ್ಷಗಳ ಬಳಿಕ ಮರಳಿ ಹೋಗುವಷ್ಟು ತಾಳ್ಮೆ ಆತನಲ್ಲಿತ್ತು.

ನಕಲಿನ ಅಪಖ್ಯಾತಿಯಿಂದ ಮುಕ್ತಿ

ಇಂದು ಗುಣಮಟ್ಟಕ್ಕೆ ಪರ್ಯಾಯ ಪದವೆನಿಸಿರುವ ಜಪಾನು ಒಂದು ಕಾಲಕ್ಕೆ ನಕಲಿಗೆ ಕುಖ್ಯಾತವಾಗಿತ್ತು. ತಮ್ಮ ವಿನ್ಯಾಸಗಳನ್ನು ಜಪಾನೀ ತಯಾರಕರು ಕದಿಯುತ್ತಿದ್ದಾರೆಂದು ಬ್ರಿಟನ್ ಮೊದಲಾದ ದೇಶಗಳು ದೂರಿದ್ದವು. ಅದರ ಉತ್ತರವಾಗಿ 1957ರಲ್ಲಿ ಸರ್ಕಾರವು ಉತ್ತಮ ವಿನ್ಯಾಸದ ವಸ್ತುಗಳಿಗೆ 'ಜಿ ಮಾರ್ಕ್' ನೀಡುವ ಪದ್ಧತಿಯನ್ನು ಆರಂಭಿಸಿತು. ಸ್ವಂತ ವಿನ್ಯಾಸಕ್ಕೆ ಪ್ರೋತ್ಸಾಹವಿಲ್ಲದೆ ನಕಲಿಗೆ ಕೇವಲ ಶಿಕ್ಷೆ ವಿಧಿಸಿದರೆ ಫಲವಿಲ್ಲ ಎಂಬ ವಿವೇಕ ಅದರ ಹಿಂದೆ ಇತ್ತು.

ಭಾರತವೂ ಇದೇ ಕಾಲದಲ್ಲಿ ಈ ವಿಷಯವನ್ನು ಚಿಂತಿಸಿತ್ತು. ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಕೇಂದ್ರ ಸರ್ಕಾರಕ್ಕೆ ವರದಿ ಸಲ್ಲಿಸಿ, ಭಾರತೀಯರ ಮನೆಮನೆಯ ತಂಬಿಗೆಯನ್ನು ಉತ್ತಮ ವಿನ್ಯಾಸದ ಶ್ರೇಷ್ಠ ನಿದರ್ಶನವೆಂದು ಎತ್ತಿ ತೋರಿಸಿದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪನೆಯಾಯಿತು. ಜಪಾನೀ ಮೂಲದ ಅಮೆರಿಕನ್ ಬಡಗಿ ಹಾಗೂ ವಿನ್ಯಾಸಕಾರ ಜಾರ್ಜ್ ನಕಶಿಮ 1964ರಲ್ಲಿ ಅಲ್ಲಿಗೆ ಬಂದು ಪೀಠೋಪಕರಣಗಳನ್ನು ರೂಪಿಸಿದರು. ಇದೇ ಸಂಸ್ಥೆಯ ಒಂದು ಆವರಣ ಬೆಂಗಳೂರಿನಲ್ಲಿಯೂ ಇದೆ.

ಕರ್ನಾಟಕಕ್ಕೂ ಜಪಾನಿನ ಪಾಠ ಹೊಸದಲ್ಲ. ಚನ್ನಪಟ್ಟಣದ ಅರಗಿನ ಬೊಂಬೆಗಳ ಕಸುಬಿಗೆ ಜಪಾನಿನ ತಯಾರಿಕಾ ಕ್ರಮವನ್ನು ಅಳವಡಿಸಿದ ಬಾವಾಸ್ ಮಿಯಾನ್ ಅವರನ್ನು ಅಲ್ಲಿಯ ಜನರು ಇಂದಿಗೂ ನೆನೆಯುತ್ತಾರೆ. ಆಲೆಮರ ಅದೇ, ಅರಗು ಅದೇ. ಹೊಸ ಕ್ರಮ ಬಂದುದರಿಂದ ಕಸುಬು ಉಳಿಯಿತು, ಮುಂದೆ ಭೌಗೋಳಿಕ ಸೂಚಕವೂ ದೊರೆಯಿತು. ಇನ್ನೊಂದು ನಿದರ್ಶನ ಕೈಗಡಿಯಾರದ್ದು. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರ ತಯಾರಿಸತೊಡಗಿ ಮನೆಮಾತಾಯಿತು. ಯಂತ್ರವನ್ನೂ ತಂತ್ರವನ್ನೂ ತಂದ ಆ ಸಂಸ್ಥೆಯು ಬದಲಾದ ಅಭಿರುಚಿಗೆ ತಕ್ಕಂತೆ ಬೇಗ ಹೊರಳಲಿಲ್ಲ. 2016ರಲ್ಲಿ ಅದರ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟವು ಒಪ್ಪಿಗೆ ನೀಡಿತು. ಅದೇ ಅವಧಿಯಲ್ಲಿ ಬೆಳೆದ ಟೈಟನ್ ಸಂಸ್ಥೆಯು ವಿನ್ಯಾಸವನ್ನೇ ಮುಂದೊತ್ತಿ, 2002ರಲ್ಲಿ ಕೇವಲ 3.5 ಮಿಲಿಮೀಟರ್ ದಪ್ಪದ 'ಎಡ್ಜ್' ಗಡಿಯಾರವನ್ನು ಹೊರತಂದಿತು. ಎಚ್‌ಎಂಟಿಯ ಅವನತಿಗೆ ಬೇರೆ ಕಾರಣಗಳೂ ಉಂಟು. ಆದರೂ ಯಂತ್ರ ಹಳತಾಗುವ ಮೊದಲು ರೂಪ ಹಳತಾಗುತ್ತದೆ ಎಂಬ ಮಾತಿಗೆ ಇದಕ್ಕಿಂತ ಸಮೀಪದ ಸಾಕ್ಷ್ಯ ಬೇಕಾಗಿಲ್ಲ.

ಲೆಕ್ಕದ ಭಾಷೆಯಲ್ಲಿ

'ಇದೆಲ್ಲ ದೊಡ್ಡ ಕಂಪನಿಗಳ ಮಾತು. ಗುತ್ತಲದ ಬಡಗಿಶಾಲೆಗೆ ಎಲ್ಲಿಯ ವಿನ್ಯಾಸಕಾರ?' ಎಂಬ ಆಕ್ಷೇಪ ಸಹಜ. ಆಕ್ಷೇಪಕ್ಕೆ ಅಂಕಿಗಳಲ್ಲಿಯೇ ಉತ್ತರ ಹುಡುಕುವುದು ಒಳಿತು. ಕೆಳಗಿನ ಲೆಕ್ಕವು ಕೇವಲ ಉದಾಹರಣೆಗಾಗಿ ಕಲ್ಪಿಸಿದ್ದು.

ಒಂದು ಬಡಗಿಶಾಲೆಯು ವರ್ಷಕ್ಕೆ 200 ಸ್ಟೂಲುಗಳನ್ನು ಮಾಡಿ ತಲಾ 1,500 ರೂಪಾಯಿಗೆ ಮಾರುತ್ತದೆ ಎಂದುಕೊಳ್ಳೋಣ. ಮರಕ್ಕೆ 800, ಕೂಲಿಗೆ 400, ಇತರ ವೆಚ್ಚಕ್ಕೆ 150 ರೂಪಾಯಿ ತಗಲಿದರೆ ಉಳಿಯುವುದು 150. ಹೊಸ ವಿನ್ಯಾಸ, ಅಚ್ಚು ಮತ್ತು ಮಾದರಿಗಳಿಗೆ ಒಟ್ಟು 1 ಲಕ್ಷ ರೂಪಾಯಿ ಖರ್ಚಾಗುವುದಾದರೆ, ಒಂದೇ ವರ್ಷದಲ್ಲಿ ಅದನ್ನು ವಸೂಲು ಮಾಡಹೊರಟವನಿಗೆ ಒಂದು ಸ್ಟೂಲಿನ ಮೇಲೆ 500 ರೂಪಾಯಿ ಹೊರೆ. ಆತನು ಹಿಂಜರಿಯುವುದು ನ್ಯಾಯವೇ. ಅದನ್ನೇ ಐದು ವರ್ಷಗಳಿಗೆ, ಅಂದರೆ 1,000 ಸ್ಟೂಲುಗಳಿಗೆ ಹಂಚಿದರೆ ಹೊರೆ 100 ರೂಪಾಯಿಗೆ ಇಳಿಯುತ್ತದೆ. ಐದು ಬಡಗಿಶಾಲೆಗಳು ಕೂಡಿ ಅದೇ ಖರ್ಚನ್ನು ಭರಿಸಿದರೆ, 5,000 ಸ್ಟೂಲುಗಳಿಗೆ ತಲಾ 20 ರೂಪಾಯಿ ಮಾತ್ರ.

ಇತ್ತ ಹೊಸ ವಿನ್ಯಾಸವು ಮರದಲ್ಲಿ ಹತ್ತನೆಯ ಒಂದು ಭಾಗವನ್ನೂ, ಅಂದರೆ 80 ರೂಪಾಯಿಯನ್ನೂ, ಕೆಲಸದ ವೇಳೆಯಲ್ಲಿ 50 ರೂಪಾಯಿಯನ್ನೂ ಉಳಿಸಿದರೆ, 20 ರೂಪಾಯಿ ಕಳೆದು ನಿವ್ವಳ 110 ರೂಪಾಯಿ ದಕ್ಕುತ್ತದೆ. ಲಾಭ 150ರಿಂದ 260ಕ್ಕೆ ಏರುತ್ತದೆ. ಮಾರಾಟದ ಬೆಲೆಯನ್ನು ಒಂದು ರೂಪಾಯಿಯೂ ಹೆಚ್ಚಿಸದೆ ಬಂದ ಲಾಭವಿದು. ಒಬ್ಬನೇ ಈ ಖರ್ಚನ್ನು ಹೊತ್ತಿದ್ದರೆ ಐದು ವರ್ಷಗಳ ಲೆಕ್ಕದಲ್ಲಿಯೂ ಹೆಚ್ಚುವರಿ ದಕ್ಕುತ್ತಿದ್ದದ್ದು 30 ರೂಪಾಯಿ ಮಾತ್ರ. ತೆಂಡೊದ ಬಡಗಿಗಳು ಸಂಘ ಕಟ್ಟಿದ್ದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಈ ಲೆಕ್ಕ ನಿಲ್ಲುವುದು ಒಂದು ಷರತ್ತಿನ ಮೇಲೆ: ವಿನ್ಯಾಸ ಬಹುಕಾಲ ಬಾಳಬೇಕು. ಯಾನಗಿಯು ಇದೇ 1954ರಲ್ಲಿ ರೂಪಿಸಿದ 'ಆನೆ ಸ್ಟೂಲು' ಐವತ್ತು ವರ್ಷಗಳ ತರುವಾಯ, 2004ರಲ್ಲಿ, ಸ್ವಿಟ್ಜರ್ಲೆಂಡಿನ ವಿಟ್ರಾ ಕಂಪನಿಯಿಂದ ಹೊಸ ವಸ್ತುವಿನಲ್ಲಿ ಮತ್ತೆ ತಯಾರಾಯಿತು. ಋತುವಿಗೊಂದು ಬದಲಾಗುವ ಫ್ಯಾಷನ್ನಿನ ಹಿಂದೆ ಓಡುವವರಿಗೆ ಖರ್ಚನ್ನು ಹಂಚಲು ವರ್ಷಗಳೇ ಸಿಗುವುದಿಲ್ಲ. ಸಣ್ಣ ತಯಾರಕನಿಗೆ ಬೇಕಾದದ್ದು ಹತ್ತು ವರ್ಷ ಮಾರುವ ಮೂರು ವಸ್ತುಗಳು.

ಕಾನೂನಿನ ಬೇಲಿ

'ಕಷ್ಟಪಟ್ಟು ಹೊಸದು ಮಾಡಿದರೆ ನಾಳೆಯೇ ಪಕ್ಕದವನು ನಕಲು ಮಾಡುತ್ತಾನೆ' ಎಂಬ ಎರಡನೆಯ ಆಕ್ಷೇಪದಲ್ಲಿಯೂ ಹುರುಳಿದೆ. ಇದಕ್ಕಾಗಿಯೇ ವಿನ್ಯಾಸಗಳ ಅಧಿನಿಯಮ, 2000 ಇದೆ. ಅದು 2001ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ನೋಂದಾಯಿತ ವಿನ್ಯಾಸಕ್ಕೆ ಮೊದಲು 10 ವರ್ಷ, ಅರ್ಜಿ ಸಲ್ಲಿಸಿ ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ದೊರೆಯುತ್ತದೆ. ಸಣ್ಣ ಉದ್ಯಮಗಳಿಗೆ ಶುಲ್ಕದಲ್ಲಿ ರಿಯಾಯಿತಿಯೂ ಉಂಟು.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. ಮೊದಲನೆಯದು, ವಿನ್ಯಾಸ ಹೊಸದಾಗಿರಬೇಕು. ಮಾಲನ್ನು ಮಾರುಕಟ್ಟೆಗೆ ಬಿಟ್ಟು, ಚಿತ್ರವನ್ನು ಪ್ರಕಟಿಸಿ, ಆಮೇಲೆ ಅರ್ಜಿ ಹಾಕಿದರೆ ಆ ಹೊಸತನವೇ ಕಳೆದುಹೋಗಿರುತ್ತದೆ. ಎರಡನೆಯದು, ವಿನ್ಯಾಸಕಾರನಿಗೆ ಹಣ ಕೊಟ್ಟು ಮಾಡಿಸಿದಾಗ ಹಕ್ಕು ಸಾಮಾನ್ಯವಾಗಿ ಮಾಡಿಸಿದವನದೇ ಆದರೂ, ಅದನ್ನು ಲಿಖಿತ ಕರಾರಿನಲ್ಲಿ ದಾಖಲಿಸುವುದು ಕ್ಷೇಮ. ಪೂರ್ತಿ ಸಂಭಾವನೆಯನ್ನು ಒಮ್ಮೆಗೇ ಕೊಡಲಾಗದವರು, ಮಾರಾಟವಾದ ಪ್ರತಿ ವಸ್ತುವಿನ ಮೇಲೆ ಇಂತಿಷ್ಟು ರಾಯಧನವೆಂದು ಗೊತ್ತುಪಡಿಸಿಕೊಳ್ಳಬಹುದು. ಇದರಿಂದ ಆರಂಭದ ಹೊರೆ ಇಳಿಯುತ್ತದೆ, ಮಾಲು ಮಾರಾಟವಾಗಲಿ ಎಂಬ ಕಾಳಜಿ ವಿನ್ಯಾಸಕಾರನಿಗೂ ಇರುತ್ತದೆ. ನಕಲು ಮಾಡಿದವನಿಂದ ಈ ಕಾಯ್ದೆಯ ಅನ್ವಯ ನೇರವಾಗಿ ವಸೂಲು ಮಾಡಬಹುದಾದ ಮೊತ್ತಕ್ಕೆ ಒಂದು ವಿನ್ಯಾಸಕ್ಕೆ 50,000 ರೂಪಾಯಿಗಳ ಮಿತಿ ಇರುವುದು ನಿಜ. ನಷ್ಟಭರ್ತಿ ಮತ್ತು ತಡೆಯಾಜ್ಞೆ ಕೋರಿ ದಾವೆ ಹೂಡುವ ಮಾರ್ಗವೂ ತೆರೆದೇ ಇದೆ.

ಮಾಡಬೇಕಾದದ್ದು

ಸರ್ಕಾರದ ನೆರವು ಇಲ್ಲವೆಂದು ದೂರಿ ಕೈಕಟ್ಟಿ ಕೂರುವಂತಿಲ್ಲ. 2007ರಲ್ಲಿ ರಾಷ್ಟ್ರೀಯ ವಿನ್ಯಾಸ ನೀತಿ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯು ಬಡಗಿಗಳನ್ನೂ ಒಳಗೊಂಡು, ತರಬೇತಿ, 15,000 ರೂಪಾಯಿಗಳ ಉಪಕರಣ ನೆರವು, ಶೇಕಡ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿಗಳವರೆಗೆ ಸಾಲವನ್ನು ಒದಗಿಸುತ್ತದೆ. ಇವು ಸ್ವಾಗತಾರ್ಹ. ಆದರೆ ಹೊಸ ಉಳಿ ಕೊಟ್ಟು ಹಳೆಯ ನಕಲನ್ನೇ ಮಾಡಿಸಿದರೆ ಸಾಲವಷ್ಟೇ ಉಳಿಯುತ್ತದೆ. ಉಪಕರಣದ ಜೊತೆಗೆ ಏನನ್ನು ಮಾಡಬೇಕೆಂಬ ಯೋಜನೆಯೂ ಇರಬೇಕು.

ಇಂತಹ ಯೋಜನೆಯನ್ನು ರೂಪಿಸಲು ವಾಣಿಜ್ಯ ಸಂಸ್ಥೆಗಳೇ ಮುಂದಾಗಬೇಕು. ಗುತ್ತಲ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಐದಾರು ಬಡಗಿಶಾಲೆಗಳು ಒಂದಾಗಿ ಚಿಕ್ಕ ವಿನ್ಯಾಸ ನಿಧಿಯನ್ನು ಕಟ್ಟುವುದು ಮೊದಲ ಹೆಜ್ಜೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣವನ್ನೂ, ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನೂ ಸಂಪರ್ಕಿಸಿ, ಒಬ್ಬ ವಿನ್ಯಾಸಕಾರನನ್ನೂ ಒಬ್ಬ ತಂತ್ರಜ್ಞನನ್ನೂ ಕೆಲಕಾಲ ಇಲ್ಲಿಯ ಬಡಗಿಶಾಲೆಗಳಲ್ಲಿಯೇ ಉಳಿಸಿಕೊಳ್ಳುವುದು ಎರಡನೆಯದು. ಆತನು ನಕ್ಷೆ ಬರೆಯುವ ಮುನ್ನ ಈ ಭಾಗದ ಮಣೆ, ತೊಟ್ಟಿಲು, ಈಳಿಗೆಮಣೆ, ಕೂರಿಗೆಗಳನ್ನು ನೋಡಲಿ. ಅವನ್ನು ಮಾಡಿದ ಹಿರಿಯ ಬಡಗಿಯ ಎದುರು ಕುಳಿತು ಕೇಳಲಿ. ಅಂಗಡಿಯಲ್ಲಿ ದಿನವಿಡೀ ನೆಲದ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಬೆನ್ನು ನೋಯದ ಒಂದು ಕಾಲ್ಮಣೆ, ಶಾಲೆಯ ಮಕ್ಕಳಿಗೆ ಒಂದು ಮಡಿಸುವ ಓದುಮೇಜು, ಚಿಕ್ಕ ಮನೆಗೆ ಬಿಚ್ಚಿ ಜೋಡಿಸಬಹುದಾದ ಒಂದು ಮಂಚ: ಈ ಮೂರರಿಂದ ಆರಂಭಿಸಿದರೂ ಸಾಕು. ಇವನ್ನು ಬೆಂಗಳೂರಿನ ಮಳಿಗೆಗೆಂದು ಮಾಡಬೇಕಾಗಿಲ್ಲ. ಬೇಡಿಕೆ ಬ್ಯಾಡಗಿಯ ಅಂಗಳದಲ್ಲಿಯೇ ಇದೆ.

ಎಲ್ಲವೂ ಗೆಲ್ಲುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು. ದಾಂಡೇಲಿಯಲ್ಲಿ ಒಂದು ಕಾಲಕ್ಕೆ ಪ್ಲೈವುಡ್ ಕಾರ್ಖಾನೆಯೇ ನಡೆದು, ಬಳಿಕ ಮುಚ್ಚಿಹೋಯಿತು. ಕಾಡು ಹತ್ತಿರವಿದ್ದ ಮಾತ್ರಕ್ಕೆ ಕೈಗಾರಿಕೆ ಉಳಿಯುವುದಿಲ್ಲ. ತೆಂಡೊಗೂ ಗುತ್ತಲಕ್ಕೂ ನಡುವೆ ದೇಶ, ಕಾಲ, ಬಂಡವಾಳಗಳ ಅಂತರವಿದೆ. ಆದರೆ ಮದ್ದಿನ ಪೆಟ್ಟಿಗೆ ಮಾಡುತ್ತಿದ್ದ ಬಡಗಿಗಳು ಹತ್ತು-ಹನ್ನೆರಡು ವರ್ಷಗಳಲ್ಲಿ ಮಿಲಾನಿನಲ್ಲಿ ಚಿನ್ನದ ಪದಕ ಗಳಿಸುವ ವಸ್ತುವನ್ನು ಮಾಡಿದರು ಎಂಬುದು ಚರಿತ್ರೆಯ ಸತ್ಯ. ಆ ಬಡಗಿಗಳಿಗೂ ಆರಂಭದಲ್ಲಿ ಇದ್ದದ್ದು ಉಳಿ, ಬಾಚಿ ಮತ್ತು ಒಂದು ಸಂಘ.

ಜಿಲ್ಲೆಯ ಪ್ರತಿ ಉದ್ಯಮಿಯೂ ವರ್ಷದ ಕೊನೆಗೆ ದಾಸ್ತಾನು, ಯಂತ್ರ, ಕಟ್ಟಡಗಳ ಮೌಲ್ಯವನ್ನು ಆಸ್ತಿಪಟ್ಟಿಯಲ್ಲಿ ಬರೆಯುತ್ತಾನೆ. ಯಂತ್ರ ಸವೆಯುತ್ತದೆ, ದಾಸ್ತಾನು ಹಳಸುತ್ತದೆ, ಅದಕ್ಕೆ ತಕ್ಕಂತೆ ಮೌಲ್ಯವನ್ನು ಕಡಿತಗೊಳಿಸುತ್ತಾನೆ. ಗುತ್ತಲದ ಹಿರಿಯ ಬಡಗಿಯ ಕೈಯಲ್ಲಿರುವ ಕೂರಿಗೆಯ ಲೆಕ್ಕವು ಯಾವ ಪಟ್ಟಿಯಲ್ಲಿಯೂ ಇಲ್ಲ. ಆತನ ಮಗ ಉಳಿಯನ್ನು ಕೆಳಗಿಡುವ ಮುನ್ನ ಆ ಜ್ಞಾನಕ್ಕೆ ಒಂದು ಬೆಲೆಯನ್ನು ಕಟ್ಟುವುದು ವರ್ತಕ ಸಮುದಾಯದ ಕರ್ತವ್ಯವೂ ಹೌದು, ಲಾಭವೂ ಹೌದು.